ಹಳೇ ಕುರ್ಚಿಯನ್ನು ಹೊಸದು ಮಾಡಬೇಡಿ

ಗುಂಡ್ಲುಪೇಟೆ ಕಡೆಯ ಯಾವ ಊರಿಗೆ ಹೋದರೂ ಬೆಳಿಗ್ಗೆ ಹತ್ತರ ಹೊತ್ತಿಗೆ ಗುಜರಿ ಆಟೋದ ಮೈಕು ಕೇಳಿಸುತ್ತದೆ. ಹಳೇ ಕಬ್ಬಿಣ, ಹಳೇ ಪಾತ್ರೆ, ಹಳೇ ಬ್ಯಾಟರಿ, ಹಳೇ ಪೇಪರ್. ಮೈಕಿನಲ್ಲಿ ಕೂಗದಿದ್ದರೂ ಆ ಆಟೋದ ಹಿಂಬದಿಯಲ್ಲಿ ಒಮ್ಮೊಮ್ಮೆ ಹಳೇ ಮರದ ಸಾಮಾನೂ ಇರುತ್ತದೆ: ಬೆತ್ತ ಹರಿದ ಕುರ್ಚಿ, ಮುಚ್ಚಳವಿಲ್ಲದ ಪೆಟ್ಟಿಗೆ, ಮೂರೇ ಕಾಲಿನ ಮೇಜು. ಹೆಂಚಿನ ಮನೆ ಕೆಡವಿ ತಾರಸಿ ಮನೆ ಕಟ್ಟುವವರು ಮೊದಲು ಖಾಲಿ ಮಾಡುವುದು ಅಟ್ಟವನ್ನು. ಅಟ್ಟದಿಂದ ಇಳಿದದ್ದು ಅಂಗಳದಲ್ಲಿ ಎರಡು ಮಳೆ ನೆನೆಯುತ್ತದೆ. ಆಮೇಲೆ ನೀರೊಲೆಗೋ ಗುಜರಿಗೋ ಹೋಗುತ್ತದೆ. ಗೃಹಪ್ರವೇಶದ ಹೊತ್ತಿಗೆ ಕಂತಿನ ಮೇಲೆ ಪಾರ್ಟಿಕಲ್ ಬೋರ್ಡಿನ ಸೋಫಾ, ಟೀಪಾಯಿ ಬಂದು ಕೂರುತ್ತವೆ. ಅದರ ಕಂತು ತೀರುವುದಕ್ಕೆ ಮೊದಲೇ ಅಂಚು ಉಬ್ಬಿ, ಮೇಲಿನ ಹಾಳೆ ಕಿತ್ತುಬರುತ್ತದೆ. ಮರದ ಪುಡಿಗೆ ಅಂಟು ಹಾಕಿ ಒತ್ತಿದ ಹಲಗೆ ಅದು. ಒಂದು ಸಲ ನೀರು ಕುಡಿದರೆ ಮತ್ತೆ ಸರಿಹೋಗುವುದಿಲ್ಲ.

ಹಳೆಯದೆಲ್ಲ ಚಿನ್ನ ಅಂತ ಹೇಳಲು ನಾನು ಇದನ್ನು ಬರೆಯುತ್ತಿಲ್ಲ. ಮುರಿದ ಮರದ ಸಾಮಾನನ್ನು ರಿಪೇರಿ ಮಾಡಬೇಕು, ಅದರಲ್ಲಿ ಮುಕ್ಕಾಲು ಪಾಲು ಕೆಲಸವನ್ನು ಉಳಿ ಹಿಡಿದೇ ಗೊತ್ತಿಲ್ಲದವರೂ ಮಾಡಬಹುದು, ಉಳಿದ ಕಾಲು ಪಾಲಿಗೆ ಆಚಾರ್ರ ಬಳಿ ಹೋಗಿ ಅವರು ಕೇಳಿದ ಕೂಲಿ ಕೊಡಬೇಕು ಎಂಬುದು ನನ್ನ ವಾದ. ಇನ್ನೊಂದು ಮಾತೂ ಇದೆ. ರಿಪೇರಿ ಮಾಡುವಾಗ ಅದನ್ನು ಹೊಸದರಂತೆ ಕಾಣಿಸಲು ಹೋಗಬಾರದು. ಯೂಟ್ಯೂಬ್ ನೋಡಿ ಕೆಲಸ ಶುರುಮಾಡುವ ನಮ್ಮ ತಲೆಮಾರಿಗೆ ಕಷ್ಟವಾಗುವುದು ಈ ಕೊನೆಯ ಮಾತೇ.

ಆ ಮರ ಎಲ್ಲಿಂದ ಬಂತು ಎಂಬುದನ್ನು ಮೊದಲು ನೋಡೋಣ. ಚಾಮರಾಜನಗರ ಜಿಲ್ಲೆಯ ಹತ್ತಿರ ಹತ್ತಿರ ಅರ್ಧ ಭಾಗ ಕಾಡು: ಬಂಡೀಪುರ, ಬಿಳಿಗಿರಿರಂಗನ ಬೆಟ್ಟ, ಮಲೆ ಮಹದೇಶ್ವರ ಬೆಟ್ಟ, ಕಾವೇರಿ ವನ್ಯಧಾಮದ ಒಂದು ಪಾಲು. ಬಂಡೀಪುರದಲ್ಲಿ 1931ರಲ್ಲೇ ಮೈಸೂರು ಅರಸರು 90 ಚದರ ಕಿಲೋಮೀಟರಿನ ಅಭಯಾರಣ್ಯ ಮಾಡಿದ್ದರು. 1941ರಲ್ಲಿ ಅದನ್ನು ಹಿಗ್ಗಿಸಿ ವೇಣುಗೋಪಾಲ ವನ್ಯಜೀವಿ ಉದ್ಯಾನ ಎಂದು ಹೆಸರಿಟ್ಟರು. 1973ರಲ್ಲಿ ಹುಲಿ ಯೋಜನೆ ಶುರುವಾದಾಗ ದೇಶದ ಮೊದಲ ಒಂಬತ್ತು ತಾಣಗಳಲ್ಲಿ ಬಂಡೀಪುರವೂ ಒಂದಾಯಿತು. 1996ರ ಡಿಸೆಂಬರ್ 12ರಂದು ಗೋದಾವರ್ಮನ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಕೊಟ್ಟ ಆದೇಶದಿಂದ, ಮಂಜೂರಾದ ಕಾರ್ಯಯೋಜನೆ ಇಲ್ಲದೆ ಕಾಡುಮರ ಕಡಿಯುವುದು ದೇಶದಲ್ಲೆಲ್ಲ ನಿಂತಿತು. 2011ರಲ್ಲಿ ಬಿಳಿಗಿರಿರಂಗನ ಬೆಟ್ಟವೂ ಹುಲಿ ಸಂರಕ್ಷಿತ ಪ್ರದೇಶವಾಯಿತು. ಬೀಟೆ ಮರದ ಕತೆ ಇನ್ನೂ ಬಿಗಿ. ಅದು ಸೇರಿದ ಇಡೀ ಕುಲವನ್ನೇ 2017ರಲ್ಲಿ ಅಂತಾರಾಷ್ಟ್ರೀಯ ವ್ಯಾಪಾರದ ನಿಯಂತ್ರಣ ಪಟ್ಟಿಗೆ ಸೇರಿಸಲಾಯಿತು.

ಈ ಬಾಗಿಲುಗಳು ಮುಚ್ಚಿದ್ದು ಸರಿ. ಅವು ಮತ್ತೆ ತೆರೆಯಲಿ ಎಂದು ಆಸೆಪಡುವವಳಲ್ಲ ನಾನು. ಆದರೆ ಇದರ ಅರ್ಥ ಏನು ನೋಡಿ. ನಮ್ಮ ತಾತ ಮುತ್ತಾತಂದಿರ ಕಾಲದಲ್ಲಿ ಕಾಡಿನಿಂದ ಡಿಪೋಗೆ, ಡಿಪೋದಿಂದ ಆಚಾರ್ರ ಕೊಟ್ಟಿಗೆಗೆ ಬಂದ ಹೊನ್ನೆ, ಬೀಟೆ, ಮತ್ತಿ, ಹಳೇ ತೇಗ ಏನಿದೆಯೋ ಅಷ್ಟೇ ಒಂದು ಸಾಧಾರಣ ಮನೆಗೆ ಸಿಗುವ ಅಂಥ ಮರ. ಇವತ್ತು ಅಂಗಡಿಯಲ್ಲಿ ತೇಗ ಅಂತ ಕೊಡುವುದು ಬಹುಮಟ್ಟಿಗೆ ತೋಪಿನಲ್ಲಿ ಬೇಗ ಬೆಳೆದ ಎಳೇ ಮರ. ಅದರಲ್ಲಿ ಚೇಗು ಕಡಿಮೆ, ಹೊರಗಿನ ಬಿಳಿ ಮರ ಜಾಸ್ತಿ. ಕುಟ್ಟೆ ಹುಳು ಹುಡುಕಿಕೊಂಡು ಹೋಗುವುದು ಆ ಬಿಳಿ ಮರವನ್ನೇ. ಹಾಗಾಗಿ ಮೂರು ಕಾಲಿನ ಹಳೇ ಹೊನ್ನೆ ಮೇಜನ್ನು ಒಲೆಗೆ ಹಾಕಿ ನಾಲ್ಕು ಕಾಲಿನ ಹೊಸ ಮೇಜು ತಂದವರು ಲೆಕ್ಕದಲ್ಲಿ ಸೋತಿದ್ದಾರೆ. ಕೊಚ್ಚಿಯ ಮಟ್ಟಾಂಚೇರಿಯಲ್ಲಿ, ತಮಿಳುನಾಡಿನ ಕಾರೈಕುಡಿಯಲ್ಲಿ ಹಳೇ ಸಾಮಾನಿನ ಅಂಗಡಿಗಳ ಬೀದಿಗಳೇ ಇವೆ. ಹಳೇ ಮನೆಗಳಿಂದ ಹೊರಬಿದ್ದ ಪೆಟ್ಟಿಗೆ, ಮಂಚ, ಕಂಬಗಳನ್ನು ಒರೆಸಿ, ದೀಪದ ಕೆಳಗೆ ಇಟ್ಟು, ಪೇಟೆಯ ಹೋಟೆಲುಗಳಿಗೂ ಬಂಗಲೆಗಳಿಗೂ ಮಾರುತ್ತಾರೆ. ಅದರ ಬೆಲೆ ಅವರಿಗೆ ಗೊತ್ತಿದೆ.

ಈಗ ಕೆಲಸದ ವಿಷಯ. ನಾನು ಕೈಹಾಕಿದ್ದು ನಮ್ಮ ತಾತನ ಕೈಕುರ್ಚಿಗೆ. ತಾತ ಪ್ರೈಮರಿ ಸ್ಕೂಲು ಮೇಷ್ಟ್ರಾಗಿದ್ದರು. ಅವರು ಹೋದ ಮೇಲೆ ಆ ಕುರ್ಚಿ ಹಟ್ಟಿಯ ಮೂಲೆ ಸೇರಿ, ಕೋಳಿಗಳು ರಾತ್ರಿ ಕೂರುವ ಜಾಗವಾಗಿತ್ತು. ಮೈಮೇಲೆ ನೀಲಿ ಪೇಂಟು, ಅದರ ಕೆಳಗೆ ಹಸಿರು, ಅದರ ಕೆಳಗೆ ಏನೋ ಕೆಂಪು. ಬೆತ್ತ ಪೂರ್ತಿ ಹೋಗಿತ್ತು. ಯಾರೋ ಅದರ ಜಾಗಕ್ಕೆ ಪ್ಲೈವುಡ್ ತುಂಡು ಹೊಡೆದಿದ್ದರು. ಎಡಗೈ ಅಲುಗಾಡುತ್ತಿತ್ತು.

ನಮ್ಮೂರಿನ ಹಿರಿಯ ಆಚಾರ್ರ ಹತ್ತಿರ ಉಪ್ಪುಕಾಗದ ಎಷ್ಟು ನಂಬರಿನದು ತರಲಿ ಅಂತ ಕೇಳಲು ಹೋದೆ. ಅವರು ನಂಬರು ಹೇಳಲೇ ಇಲ್ಲ. "ಉಜ್ಜದ ಆಮೇಕೆ ನೋಡ್ಕಬೋದು ಕೂಸೆ. ಮೊದ್ಲು ಅದರ ಮ್ಯಾಲೆ ಕೂತ್ಕಂಡು ಅಲ್ಲಾಡ್ಸು. ಎಲ್ಲಿ ಕಿರುಗುಟ್ತದೋ ಅಲ್ಲೇ ಕಾಯ್ಲೆ ಅದ" ಅಂದರು. ಈ ಕೆಲಸದ ಬಗ್ಗೆ ನಾನು ಕೇಳಿದ ಮಾತುಗಳಲ್ಲಿ ಇದಕ್ಕಿಂತ ಉಪಯೋಗದ್ದು ಇನ್ನೊಂದಿಲ್ಲ. ಹೊಸಬರೆಲ್ಲ ಮೈಯಿಂದ ಶುರುಮಾಡುತ್ತಾರೆ, ಬಣ್ಣ ತೆಗೆದು ಹೊಳಪು ಕೊಡುವುದೇ ರಿಪೇರಿ ಅಂದುಕೊಳ್ಳುತ್ತಾರೆ. ಹಳೇ ಕುರ್ಚಿ ಸಾಯುವುದು ಕೀಲಿನಲ್ಲಿ.

ಆ ಕಾಲದ ಕುರ್ಚಿಯಲ್ಲಿ ಒಂದು ಮರದ ತುದಿಯನ್ನು ನಾಲಿಗೆಯಂತೆ ಕೆತ್ತಿ ಇನ್ನೊಂದು ಮರದ ತೂತಿಗೆ ಕೂರಿಸಿರುತ್ತಾರೆ. ಅಡ್ಡಕ್ಕೆ ಒಂದು ಬಿದಿರಿನ ಗೂಟ. ನಡುವೆ ಮರವಜ್ರ, ಅಂದರೆ ಚರ್ಮ ಮೂಳೆ ಕುದಿಸಿ ಮಾಡಿದ ಅಂಟು. ಕೆಲವರು ಸರೇಸು ಅಂತಲೂ ಹೇಳುತ್ತಾರೆ. ಈ ಅಂಟಿನ ಗುಣವೆಂದರೆ ಬಿಸಿಗೂ ತೇವಕ್ಕೂ ಅದು ಮೆತ್ತಗಾಗುತ್ತದೆ. ಬಿಸಿನೀರಿನಲ್ಲಿ ಅದ್ದಿ ಹಿಂಡಿದ ಬಟ್ಟೆಯನ್ನು ಕೀಲಿಗೆ ಸುತ್ತಿ ಸ್ವಲ್ಪ ಹೊತ್ತು ಬಿಟ್ಟು, ಗೂಟ ತಟ್ಟಿ ತೆಗೆದು, ಕೊಡತಿಯಲ್ಲಿ ಮೆಲ್ಲಗೆ ತಟ್ಟಿದರೆ ಕೀಲು ಬಿಚ್ಚಿಕೊಳ್ಳುತ್ತದೆ. ಮರಕ್ಕೆ ಗಾಯವಾಗುವುದಿಲ್ಲ. ಮಾಡಿದವನೇ ಮುಂದೊಂದು ದಿನ ಯಾರಾದರೂ ಬಿಚ್ಚಲಿ ಅಂತ ಬಿಟ್ಟುಹೋದ ದಾರಿ ಇದು. 1959ರಲ್ಲಿ ಫೆವಿಕಾಲ್ ಬಂದ ಮೇಲೆ ಆಚಾರ್ರಿಗೆ ಮರವಜ್ರ ಕುದಿಸುವ ಗೋಳು ತಪ್ಪಿತು, ಆದರೆ ಬಿಚ್ಚುವ ದಾರಿಯೂ ಕಿರಿದಾಯಿತು. ದಿನಬಳಕೆಯ ಕುರ್ಚಿಗೆ ಹೊಸಬರು ಫೆವಿಕಾಲ್ ಹಾಕಿದರೆ ನನ್ನ ತಕರಾರಿಲ್ಲ. ಒಂದೇ ಷರತ್ತು: ಹಳೇ ಅಂಟನ್ನು ಪೂರ್ತಿ ಕೆರೆದು ಮರದ ಮೈ ಕಾಣುವಂತೆ ಮಾಡಿ ಹಾಕಬೇಕು. ಹಳೇ ಅಂಟಿನ ಮೇಲೆ ಹೊಸ ಅಂಟು ಹಿಡಿಯುವುದಿಲ್ಲ.

ಬಿಚ್ಚುವ ಮುಂಚೆ ಪ್ರತಿ ತುಂಡಿನ ಮೇಲೂ ಗುರುತು ಹಾಕಿಕೊಳ್ಳಿ, ಫೋನಿನಲ್ಲಿ ನಾಲ್ಕೂ ಕಡೆಯಿಂದ ಫೋಟೋ ತೆಗೆದಿಟ್ಟುಕೊಳ್ಳಿ. ಅಲುಗದ ಕೀಲಿನ ತಂಟೆಗೆ ಹೋಗಬೇಡಿ. ಅಂಟು ಹಾಕಿದ ಮೇಲೆ ಒತ್ತಿ ಹಿಡಿಯಲು ಪೇಟೆಯ ಕ್ಲಾಂಪು ಬೇಕಿಲ್ಲ. ಕುರ್ಚಿಯ ಸುತ್ತ ಎರಡು ಸುತ್ತು ಹಗ್ಗ ಹಾಕಿ, ನಡುವೆ ಒಂದು ಕೋಲು ತೂರಿಸಿ ತಿರುಚಿ, ಕೋಲನ್ನು ಬಿಚ್ಚಿಕೊಳ್ಳದಂತೆ ಕಟ್ಟಿದರೆ ಆಯಿತು. ಗಾಡಿಗೆ ಹೊರೆ ಬಿಗಿಯುವುದನ್ನು ನೋಡಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಹಗ್ಗ ಒತ್ತುವ ಕಡೆ ಹಳೇ ಬಟ್ಟೆ ಇಡಿ. ಒಂದು ದಿನ ಮುಟ್ಟಬೇಡಿ.

ಮೊಳೆ ಮಾತ್ರ ಹೊಡೆಯಬೇಡಿ. ಅಲುಗಾಡುವ ಕುರ್ಚಿಗೆ ಮೊಳೆ ಹೊಡೆಯುವುದು ನಮ್ಮ ರಾಷ್ಟ್ರೀಯ ಚಾಳಿ. ಆ ಮೊಳೆ ನಾಲಿಗೆಯನ್ನು ಸೀಳುತ್ತದೆ, ತುಕ್ಕು ಹಿಡಿದು ಸುತ್ತಲಿನ ಮರವನ್ನು ಕಪ್ಪು ಮಾಡಿ ಕೊಳೆಸುತ್ತದೆ, ಮುಂದೆ ಸರಿಮಾಡಲು ಬಂದವರ ಉಳಿಯ ಬಾಯಿ ಮುರಿಯುತ್ತದೆ. ತಾತನ ಕುರ್ಚಿಯ ಎಡಗೈ ನಾಲಿಗೆ ಅರ್ಧಕ್ಕೆ ಸೀಳಿದ್ದು ಇಂಥದೇ ಮೊಳೆಯಿಂದ. ಅದು ನನ್ನ ಕೈಲಾಗುವ ಕೆಲಸವಾಗಿರಲಿಲ್ಲ. ಆಚಾರ್ರು ಸೀಳಿದ ಭಾಗ ಕತ್ತರಿಸಿ ತೆಗೆದು, ಅದೇ ಜಾತಿಯ ಹಳೇ ಮರದ ಚೂರು ಸೇರಿಸಿ, ಹೊಸ ಬಿದಿರಿನ ಗೂಟ ಬಡಿದರು. ಅರ್ಧ ದಿನದ ಕೆಲಸ. ಅರ್ಧ ದಿನದ ಕೂಲಿಗಿಂತ ಸ್ವಲ್ಪ ಹೆಚ್ಚೇ ಕೊಟ್ಟೆ.

ಯಾವ ಮರ ಅಂತ ತಿಳಿಯಲು ಕುರ್ಚಿಯ ಅಡಿಯಲ್ಲಿ, ಕಣ್ಣಿಗೆ ಬೀಳದ ಕಡೆ ಚಾಕುವಿನಿಂದ ಒಂಚೂರು ಕೆರೆದು ನೋಡಬಹುದು. ತೇಗಕ್ಕೆ ಹೊಂಬಣ್ಣ, ಎಣ್ಣೆ ಜಿಡ್ಡು, ಹದಮಾಡಿದ ಚರ್ಮದಂಥ ವಾಸನೆ. ಬೀಟೆಗೆ ಕಪ್ಪು ಗೆರೆಯ ಕಡುನೇರಳೆ ಕಂದು, ಕೈಗೆ ಭಾರ. ಹಲಸು ಹೊಸದರಲ್ಲಿ ಹಳದಿ, ವರ್ಷ ಕಳೆದಂತೆ ಕೆಂಗಂದು. ಹೊನ್ನೆಯ ಪರೀಕ್ಷೆ ಎಲ್ಲಕ್ಕಿಂತ ಚಂದ. ಕೆರೆದ ಚೂರನ್ನು ಗಾಜಿನ ಲೋಟದ ನೀರಿಗೆ ಹಾಕಿ ಬಿಸಿಲಿಗೆ ಹಿಡಿದರೆ ನೀರು ಹಳದಿಗೆ ತಿರುಗಿ ಅಂಚಿನಲ್ಲಿ ನೀಲಿ ಛಾಯೆ ಹೊಳೆಯುತ್ತದೆ. ಸಕ್ಕರೆ ಕಾಯಿಲೆಯವರು ರಾತ್ರಿ ನೀರು ತುಂಬಿಟ್ಟು ಬೆಳಿಗ್ಗೆ ಕುಡಿಯುವ ಹೊನ್ನೆ ಲೋಟ ನೋಡಿದ್ದೀರಲ್ಲ, ಅದೇ ಬಣ್ಣ. ಲೋಟದ ಔಷಧಿ ಗುಣದ ಮಾತು ಬೇರೆ. ಮರ ಗುರುತಿಸಲು ಇದು ಸಾಕು. ನೀಲಿ, ಹಸಿರು, ಕೆಂಪು ಪೇಂಟಿನ ಅಡಿಯಲ್ಲಿ ನಮ್ಮ ಕುರ್ಚಿ ಹೊನ್ನೆಯಾಗಿತ್ತು.

ಆ ಪೇಂಟಿನ ವಿಷಯವನ್ನು ಸ್ವಲ್ಪ ನಿಧಾನವಾಗಿ ಓದಿ, ಮನೆಯಲ್ಲಿ ಮಕ್ಕಳಿದ್ದರಂತೂ. ನಮ್ಮ ದೇಶದಲ್ಲಿ ಮನೆಬಳಕೆಯ ಪೇಂಟಿನಲ್ಲಿ ಸೀಸದ ಪ್ರಮಾಣಕ್ಕೆ ಕಾನೂನಿನ ಮಿತಿ ಬಂದದ್ದು 2016ರ ನಿಯಮಗಳಿಂದ. ಅದು ಜಾರಿಯಾದದ್ದು 2017ರ ನವೆಂಬರಿನಲ್ಲಿ, ಹತ್ತು ಲಕ್ಷ ಪಾಲಿಗೆ 90 ಪಾಲು ಮೀರಬಾರದು ಎಂದು. ಅದಕ್ಕೂ ಹಿಂದಿನ ಎನಾಮೆಲ್ ಪೇಂಟಿನಲ್ಲಿ, ಅದರಲ್ಲೂ ಹಳದಿ, ಹಸಿರು, ಕೆಂಪು ಬಣ್ಣಗಳಲ್ಲಿ, ಸೀಸ ಬಹಳ ಇರುತ್ತಿತ್ತು. ಒಣ ಉಪ್ಪುಕಾಗದದಲ್ಲಿ ಉಜ್ಜಿದರೆ ಅದು ಹಿಟ್ಟಿನಂಥ ದೂಳಾಗಿ ಮೂಗಿಗೆ, ಬಟ್ಟೆಗೆ, ತೊಟ್ಟಿಲಿಗೆ ಹೋಗುತ್ತದೆ. ಸೀಸದ ವಿಷ ಮೊದಲು ತಟ್ಟುವುದು ಚಿಕ್ಕ ಮಕ್ಕಳ ಮಿದುಳಿಗೆ. ವಿಡಿಯೋಗಳಲ್ಲಿ ಯಂತ್ರ ಹಿಡಿದು ಗರ್ರನೆ ಪೇಂಟು ಹಾರಿಸುವವರು ಇದನ್ನು ಹೇಳುವುದು ಕಡಿಮೆ. ಪೇಂಟ್ ರಿಮೂವರ್ ಹಚ್ಚಿ, ಉಬ್ಬಿದ ಬಣ್ಣವನ್ನು ತಗಡಿನಲ್ಲಿ ಕೆರೆದು ತೆಗೆಯಿರಿ. ಉಳಿದದ್ದನ್ನು ನೀರಿನ ಎಮ್ರಿ ಕಾಗದದಲ್ಲಿ ಒದ್ದೆ ಮಾಡಿಕೊಂಡು ಉಜ್ಜಿ. ಮನೆಯಿಂದ ಆಚೆ, ಮಾಸ್ಕು ಕೈಚೀಲ ಹಾಕಿಕೊಂಡು, ಕೆಳಗೆ ಪ್ಲಾಸ್ಟಿಕ್ ಹಾಸಿಕೊಂಡು ಮಾಡಿ. ಆ ಚಕ್ಕೆಗಳನ್ನು ಒಲೆಗೂ ತಿಪ್ಪೆಗೂ ಹಾಕಬೇಡಿ. ತಿಪ್ಪೆಯದು ಗೊಬ್ಬರವಾಗಿ ಹೊಲಕ್ಕೇ ಬರುತ್ತದೆ.

ಪೇಂಟು ಇಲ್ಲದ ಕುರ್ಚಿಯಾದರೆ ನಿಮ್ಮ ಅದೃಷ್ಟ. ಆಗ ಮಾಡಬೇಕಾದ್ದು ಇನ್ನೂ ಕಡಿಮೆ. ಸೋಪಿನ ನೀರಿನಲ್ಲಿ ಅದ್ದಿ ಗಟ್ಟಿಯಾಗಿ ಹಿಂಡಿದ ಬಟ್ಟೆಯಲ್ಲಿ ಒರೆಸಿ, ಕೂಡಲೇ ಒಣಬಟ್ಟೆಯಲ್ಲಿ ತೇವ ತೆಗೆಯಿರಿ. ಎಣ್ಣೆಜಿಡ್ಡಿಗೆ ಟರ್ಪೆಂಟೈನ್. ಆಮೇಲೆ ಮರೆಯಲ್ಲಿರುವ ಒಂದು ಕಡೆ ಹತ್ತಿಯಲ್ಲಿ ಸ್ಪಿರಿಟ್ ಮುಟ್ಟಿಸಿ ನೋಡಿ. ಅಂಟಂಟಾದರೆ ಅದು ಅರಗಿನ ಪಾಲಿಶ್. ಮರಗೆಲಸದವರು ಫ್ರೆಂಚ್ ಪಾಲಿಶ್ ಅನ್ನುವುದು ಅದನ್ನೇ. ಹೆಸರು ಫ್ರೆಂಚ್ ಆದರೂ ಅರಗು ನಮ್ಮದೇ, ಮುತ್ತುಗದಂಥ ಮರಗಳ ಮೇಲೆ ಕೂರುವ ಪುಟ್ಟ ಹುಳುವಿನ ಕೆಲಸ; ಚನ್ನಪಟ್ಟಣದ ಬೊಂಬೆಗೆ ಹೊಳಪು ಕೊಡುವುದೂ ಅದೇ. ಅರಗಿನ ಪಾಲಿಶ್ ಮಾಸಿದ್ದರೆ ಅದನ್ನು ಕೆರೆದು ಎಸೆಯಬೇಕಾಗಿಲ್ಲ, ಸ್ಪಿರಿಟಿನಲ್ಲಿ ಕರಗಿಸಿದ ಹೊಸ ಅರಗನ್ನು ಮೇಲೆ ತೆಳ್ಳಗೆ ಎಳೆದರೆ ಹಳೆಯದರ ಜೊತೆ ಒಂದಾಗುತ್ತದೆ. ಉಪ್ಪುಕಾಗದ ಬೇಕೇ ಬೇಕು ಅಂತಾದರೆ 180ರಿಂದ ಶುರುಮಾಡಿ 320ಕ್ಕೆ ನಿಲ್ಲಿಸಿ, ಮರದ ಗೆರೆಯ ಜೊತೆಗೇ ಉಜ್ಜಿ. 60, 80ರ ಒರಟು ಕಾಗದ ಕೈಗೆತ್ತಿಕೊಂಡರೆ ಐವತ್ತು ವರ್ಷದ ಕೈಯ ಸವೆತ ಅರ್ಧ ಗಂಟೆಯಲ್ಲಿ ಮಾಯವಾಗುತ್ತದೆ.

ಆ ಸವೆತ ಯಾಕೆ ಉಳಿಯಬೇಕು? ನಮ್ಮ ಕುರ್ಚಿಯ ಬಲಗೈ ತುದಿಯಲ್ಲಿ ಒಂದು ತಗ್ಗು ಇದೆ. ತಾತ ಕಾಪಿ ಪುಸ್ತಕ ತಿದ್ದುವಾಗ ಹೆಬ್ಬೆರಳು ಅಲ್ಲಿ ಇರುತ್ತಿತ್ತು ಅಂತ ಅಮ್ಮ ಹೇಳುತ್ತಾಳೆ. ಯಂತ್ರ ಹಿಡಿದವರಿಗೆ ಅದು ಸಮಮಾಡಬೇಕಾದ ಹಳ್ಳ. ಎಪಾಕ್ಸಿ ಸುರಿದು, ಗಾಢ ವಾಲ್‌ನಟ್ ಬಣ್ಣ ಬಳಿದು, ಪಾಲಿಯುರೆಥೇನ್ ಹೊಡೆದರೆ ಅದು ಯಾವ ಊರಿನ, ಯಾವ ಮರದ, ಯಾರ ಕುರ್ಚಿ ಅಂತಲೂ ಗೊತ್ತಾಗುವುದಿಲ್ಲ. ಅದಕ್ಕೆ ಅಂಗಡಿಯದೇ ಸಾಕಾಗಿತ್ತು.

ನಾನು ಕೊನೆಗೆ ಹಚ್ಚಿದ್ದು ಜೇನುಮೇಣ. ಒಂದು ಪಾಲು ಮೇಣವನ್ನು ಬಿಸಿನೀರಿನ ಪಾತ್ರೆಯೊಳಗೆ ಇನ್ನೊಂದು ಪಾತ್ರೆ ಇಟ್ಟು ಕರಗಿಸಿ, ಒಲೆಯಿಂದ ದೂರ ತಂದು ಮೂರು ಪಾಲು ಟರ್ಪೆಂಟೈನ್ ಸೇರಿಸಿದರೆ ತಣ್ಣಗಾದ ಮೇಲೆ ಬೆಣ್ಣೆಯಂತಾಗುತ್ತದೆ. ಬಟ್ಟೆಯಲ್ಲಿ ತೆಳ್ಳಗೆ ಹಚ್ಚಿ, ಸ್ವಲ್ಪ ಹೊತ್ತು ಬಿಟ್ಟು ತಿಕ್ಕಬೇಕು. ಬೆಟ್ಟದ ಜೇನಿಗೆ ನಮ್ಮ ಜಿಲ್ಲೆಯಲ್ಲಿ ಕೊರತೆಯಿಲ್ಲ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2011ರಲ್ಲಿ ಸಮುದಾಯ ಅರಣ್ಯ ಹಕ್ಕು ಸಿಕ್ಕಿತು. ಹುಲಿ ಸಂರಕ್ಷಿತ ಪ್ರದೇಶವೊಂದರ ಒಳಗೆ ಅಂಥ ಹಕ್ಕು ಸಿಕ್ಕಿದ್ದು ದೇಶದಲ್ಲೇ ಅದು ಮೊದಲು. ಜೇನು ಕೊಳ್ಳುವಾಗ ಮೇಣವನ್ನೂ ಕೇಳಿ ಕೊಳ್ಳಿ. ಅಗಸೆ ಎಣ್ಣೆ ಹಚ್ಚುವವರಿಗೆ ಒಂದು ಎಚ್ಚರಿಕೆ: ಎಣ್ಣೆ ಒರೆಸಿದ ಬಟ್ಟೆಯನ್ನು ಮುದುರಿ ಮೂಲೆಗೆ ಎಸೆಯಬೇಡಿ. ಅದು ಒಣಗುವಾಗ ತಾನೇ ಕಾವೇರಿ ಹೊತ್ತಿಕೊಳ್ಳಬಲ್ಲದು. ಬಯಲಿನಲ್ಲಿ ಬಿಡಿಸಿ ಹರಡಿ, ಇಲ್ಲವೇ ನೀರಿನಲ್ಲಿ ಮುಳುಗಿಸಿಡಿ.

ಕುಟ್ಟೆ ಹಿಡಿದಿದ್ದರೆ ನೆಲದ ಮೇಲೆ ಹೊಸ ಪುಡಿ ಬೀಳುತ್ತದೆಯೇ ಎಂದು ಒಂದು ವಾರ ನೋಡಿ. ಬೀಳದಿದ್ದರೆ ಹುಳು ಹಳೆಯದು, ತೂತು ಮಾತ್ರ ಉಳಿದಿದೆ. ಬಿದ್ದರೆ ಬಿಳಿಗಾರ ಮತ್ತು ಬೋರಿಕ್ ಪುಡಿಯನ್ನು ಬಿಸಿನೀರಿನಲ್ಲಿ ಕದಡಿ, ಬಣ್ಣವಿಲ್ಲದ ಬರಿಮರಕ್ಕೆ ಎರಡು ಮೂರು ಸಲ ಹಚ್ಚಿ ಒಣಗಿಸಿ. ಗೆದ್ದಲು ತಿಂದು ಟೊಳ್ಳಾದ ಕಾಲನ್ನು ಮಾತ್ರ ಆಚಾರ್ರಿಗೇ ಬಿಡಿ.

ಬೆತ್ತದ ಕತೆ ಬೇರೆಯೇ. ಕುರ್ಚಿಯ ಚೌಕಟ್ಟಿನ ಸುತ್ತ ಕೊರೆದ ತೂತುಗಳ ಮೂಲಕ ನೆನೆಸಿದ ಬೆತ್ತದ ಎಳೆಯನ್ನು ಉದ್ದಕ್ಕೆ, ಅಡ್ಡಕ್ಕೆ, ಮತ್ತೆ ಉದ್ದಕ್ಕೆ, ಅಡ್ಡಕ್ಕೆ, ಕೊನೆಗೆ ಎರಡು ಮೂಲೆಗಳಿಂದ ಓರೆಯಾಗಿ, ಹೀಗೆ ಆರು ಸಲ ಎಳೆದಾಗ ಆ ಎಂಟು ಮೂಲೆಯ ಕಣ್ಣುಗಳು ಮೂಡುತ್ತವೆ. ಒಣಗಿದಂತೆ ಬೆತ್ತ ಬಿಗಿಯಾಗುತ್ತದೆ. ಗಾಳಿ ಆಡುತ್ತದೆ, ಬೇಸಿಗೆಯಲ್ಲಿ ಬೆನ್ನು ಬೆವರುವುದಿಲ್ಲ. ಸರ್ಕಾರಿ ಕಚೇರಿಗಳ ಕುರ್ಚಿಗಳಿಗೆ ಬೆತ್ತ ಹೆಣೆಯುವ ಕೆಲಸವನ್ನು ನಮ್ಮ ದೇಶದಲ್ಲಿ ದೃಷ್ಟಿಯಿಲ್ಲದವರಿಗೆ ಕಲಿಸಿ, ಅವರಿಗೇ ಕೊಡುವ ರೂಢಿ ಬಹುಕಾಲ ಇತ್ತು. ಬೆರಳಿನಲ್ಲಿ ತೂತು ಎಣಿಸಿಕೊಂಡು ಕಣ್ಣಿದ್ದವರಿಗಿಂತ ಸಮವಾಗಿ ಹೆಣೆಯುವವರು ಅವರಲ್ಲಿದ್ದರು. ಫೋಮು, ರೆಕ್ಸಿನ್ನಿನ ತಿರುಗುಕುರ್ಚಿಗಳು ಬಂದ ಮೇಲೆ ಆ ಕೆಲಸ ಹೋಯಿತು. ಒಂದು ಕುರ್ಚಿಯ ಜೊತೆಗೆ ಒಂದು ಸಂಬಳವೂ ಹೋದದ್ದನ್ನು ಯಾವ ಖರೀದಿ ಕಡತವೂ ಬರೆದಿಟ್ಟುಕೊಂಡಿಲ್ಲ. ತಾತನ ಕುರ್ಚಿಗೆ ಬೆತ್ತ ಹೆಣೆಯುವವರು ನನಗೆ ಗುಂಡ್ಲುಪೇಟೆಯಲ್ಲಿ ಸಿಗಲಿಲ್ಲ, ಮೈಸೂರಿನಿಂದ ಬೆತ್ತ ತರಿಸಿ, ನಾನೂ ಅಮ್ಮನೂ ನಾಲ್ಕು ಭಾನುವಾರ ಕೂತು ಹೆಣೆದೆವು. ಓರೆ ಎಳೆಗಳಿಗೆ ಅಮ್ಮನ ಕೈ ನನಗಿಂತ ಬೇಗ ಒಗ್ಗಿತು. ಹೂವು ಕಟ್ಟಿ ಅಭ್ಯಾಸ.

ಇಷ್ಟು ಓದಿದವರಲ್ಲಿ ಕೆಲವರಿಗೆ ಸಿಟ್ಟು ಬಂದಿರಬಹುದು. ಬರಬೇಕಾದದ್ದೇ. ಮರದ ಕುರ್ಚಿ ನಮ್ಮ ಊರುಗಳಲ್ಲಿ ಎಲ್ಲರ ಮನೆಯ ಸಾಮಾನಾಗಿರಲಿಲ್ಲ. ಅದು ಪಟೇಲರ ಜಗಲಿಯದು, ಶ್ಯಾನುಭೋಗರದು, ಮೇಷ್ಟ್ರದು. ಅದರ ಎದುರು ನಿಂತೇ ಮಾತಾಡಬೇಕಾದವರು, ಜಗಲಿಯ ಕೆಳಗೆ ನೆಲದ ಮೇಲೆ ಕೂರಬೇಕಾದವರು ಊರಲ್ಲಿ ಹೆಚ್ಚಿದ್ದರು. ಎಷ್ಟೋ ದಲಿತರ ಮನೆಗೆ ಬಂದ ಮೊದಲ ಕುರ್ಚಿ ಕೆಂಪು ಪ್ಲಾಸ್ಟಿಕ್ಕಿನದು, ಅದರ ಮೇಲೆ ಕೂರಲು ಯಾರ ಅಪ್ಪಣೆಯೂ ಬೇಕಿರಲಿಲ್ಲ. ಹಳೇ ಕುರ್ಚಿಯ ಬಗ್ಗೆ ಕಣ್ಣು ತುಂಬಿಕೊಂಡು ಬರೆಯುವವರು ಇದನ್ನು ಮರೆತರೆ ಅವರ ಬರಹಕ್ಕೆ ಅರ್ಧ ಕಣ್ಣು. ತಿಗಣೆ ಕಾಟಕ್ಕೆ ಮರದ ಮಂಚವನ್ನು ಬಿಸಿಲಿಗೆ ಹಾಕಿ, ಬಿಸಿನೀರು ಹೊಯ್ದು ಸಾಕಾಗಿ ಕಬ್ಬಿಣದ ಮಂಚ ತಂದ ಹೆಂಗಸರ ಮೇಲೂ ನನಗೆ ದೂರಿಲ್ಲ.

ಆದರೂ ಮರಕ್ಕೆ ಆ ಪಟೇಲಿಕೆಯ ಪಾಪ ಇಲ್ಲ. ಕಾಡಿನಲ್ಲಿ ಅದನ್ನು ಕಡಿದವರು, ಹೊತ್ತವರು, ಕೊಯ್ದವರು, ಕೆತ್ತಿದವರು ಅದರ ಮೇಲೆ ಕೂತವರಲ್ಲ. ಆ ದುಡಿಮೆ ಇನ್ನೂ ಗಟ್ಟಿಯಾಗಿ ನಿಂತಿರುವಾಗ ಅದನ್ನು ಒಲೆಗೆ ಹಾಕಿದರೆ ಪಟೇಲರಿಗೆ ನಷ್ಟವೇನೂ ಆಗುವುದಿಲ್ಲ. ಹೊಸ ಸಾಮಾನೇ ಬೇಕು ಅನ್ನುವವರು ಲಂಟಾನದ್ದನ್ನು ನೋಡಲಿ. ಮಲೆ ಮಹದೇಶ್ವರ ಬೆಟ್ಟದಲ್ಲಿ ಏಟ್ರೀ ಸಂಸ್ಥೆಯ ಜೊತೆ ಸೇರಿ ಸೋಲಿಗರು ಕಾಡನ್ನು ನುಂಗುತ್ತಿರುವ ಆ ಕಳೆಯ ಕಡ್ಡಿಯಿಂದಲೇ ಕುರ್ಚಿ, ಸೋಫಾ ಮಾಡಿ ತೋರಿಸಿದ್ದಾರೆ. ಅದಕ್ಕೆ ಒಂದು ಹೊನ್ನೆಯೂ ಉರುಳಬೇಕಾಗಿಲ್ಲ.

ಆಚಾರ್ರ ಮಾತಿಗೆ ಬರೋಣ. ನೀವೇ ರಿಪೇರಿ ಮಾಡಿಕೊಂಡರೆ ಬಡಗಿಯ ಹೊಟ್ಟೆ ಮೇಲೆ ಹೊಡೆದಂತಲ್ಲವೇ ಅಂತ ನನ್ನ ಜೊತೆ ಓದಿದ ಗೆಳೆಯನೊಬ್ಬ ಕೇಳಿದ. ನಾನು ಕಂಡಂತೆ ರಿಪೇರಿಯನ್ನು ಆಚಾರ್ರು ಒಲ್ಲೆ ಅನ್ನುವುದು ಜನ ಅದಕ್ಕೆ ದುಡ್ಡು ಕೊಡುವುದಿಲ್ಲ ಅಂತ. ಹೊಸ ಬಾಗಿಲಿಗೆ ಅಡಿ ಲೆಕ್ಕದಲ್ಲಿ ಕೊಡುವವರು, ಅರ್ಧ ದಿನ ಕೂತು ಕೀಲು ಸರಿಮಾಡಿದರೆ "ಒಂದು ಗೂಟಕ್ಕೆ ಇಷ್ಟಾ?" ಅನ್ನುತ್ತಾರೆ. ಉಜ್ಜುವುದು, ಒರೆಸುವುದು, ಮೇಣ ಹಚ್ಚುವಂಥ ಹೊತ್ತು ತಿನ್ನುವ ಕೆಲಸವನ್ನು ಮನೆಯವರೇ ಮಾಡಿಕೊಂಡು, ಕೈಚಳಕ ಬೇಕಾದ ಅರ್ಧ ದಿನವನ್ನು ಮಾತ್ರ ಅವರಿಗೆ ಬಿಟ್ಟರೆ ಇಬ್ಬರಿಗೂ ಗಿಟ್ಟುತ್ತದೆ. ಸ್ವತಃ ಒಂದು ಕೀಲು ಬಿಚ್ಚಿ ಜೋಡಿಸಿ ನೋಡಿದವರು ಆಮೇಲೆ ಚೌಕಾಸಿ ಮಾಡುವುದಿಲ್ಲ. ಇನ್ನೊಂದು ಪಿಸುಮಾತೂ ಇದೆ: ಡಿಗ್ರಿ ಓದಿದವಳು ಮರಗೆಲಸಕ್ಕೆ ಕೂತಿದ್ದಾಳೆ, ಅದು ಆಚಾರ್ರ ಜಾತಿ ಕೆಲಸವಲ್ಲವೇ ಅಂತ. ಕೈಕೆಲಸವನ್ನು ಹೀಗೆ ಒಂದು ಜಾತಿಗೆ ಕಟ್ಟಿಹಾಕಿದ್ದಕ್ಕೇ ಇವತ್ತು ಆಚಾರ್ರ ಮಕ್ಕಳೂ ಅದನ್ನು ಬಿಟ್ಟು ಓಡುತ್ತಿದ್ದಾರೆ.

2023ರ ಸೆಪ್ಟೆಂಬರ್ 17ರಂದು ಶುರುವಾದ ಪಿಎಂ ವಿಶ್ವಕರ್ಮ ಯೋಜನೆಯ 18 ಕಸುಬುಗಳಲ್ಲಿ ಬಡಗಿ ಕೆಲಸವೂ ಇದೆ. ತರಬೇತಿಯ ದಿನಗಳಿಗೆ 500 ರೂಪಾಯಿ ಭತ್ಯೆ, ಉಪಕರಣಕ್ಕೆ 15,000 ರೂಪಾಯಿ, ಆಮೇಲೆ ಶೇ. 5ರ ಬಡ್ಡಿಗೆ ಮೊದಲು ಒಂದು ಲಕ್ಷ, ಅದು ತೀರಿಸಿದ ಮೇಲೆ ಎರಡು ಲಕ್ಷ ಸಾಲ. ಒಳ್ಳೆಯದೇ. ಉಪಕರಣ ಬಂತು, ಸಾಲ ಬಂತು, ಕೆಲಸ ಎಲ್ಲಿಂದ ಬರಬೇಕು? ಬಡಗಿಗೆ ಸಾಲ ಕೊಡುವ ಸರ್ಕಾರವೇ ತನ್ನ ಕಚೇರಿಗೆ ಕಾರ್ಖಾನೆಯ ಕುರ್ಚಿ ಕೊಳ್ಳುತ್ತದೆ. 2022ರ ಡಿಸೆಂಬರಿನಲ್ಲಿ ಕೇಂದ್ರ ಸರ್ಕಾರ ರಿಪೇರಿ ಹಕ್ಕಿನ ಜಾಲತಾಣ ತೆರೆಯಿತು. ಅದರಲ್ಲಿ ಕೃಷಿ ಉಪಕರಣ, ಮೊಬೈಲು, ಫ್ರಿಜ್ಜಿನಂಥ ಮನೆಸಾಮಾನು, ವಾಹನ ಇವೆ. ಮೇಜು ಕುರ್ಚಿಗಳ ಸುದ್ದಿ ಅಲ್ಲಿಲ್ಲ.

ನಮ್ಮ ತಾಲ್ಲೂಕು ಕಚೇರಿಗಳು, ಹಳೇ ಸರ್ಕಾರಿ ಶಾಲೆಗಳು, ಪ್ರವಾಸಿ ಮಂದಿರಗಳು ಇವುಗಳ ಹಿಂದಿನ ಕೋಣೆಗಳಲ್ಲಿ ಒಂದರ ಮೇಲೊಂದು ಪೇರಿಸಿದ ಮುರಿದ ಮೇಜು ಬೆಂಚುಗಳನ್ನು ವರದಿಗಾಗಿ ಹೋದಾಗೆಲ್ಲ ನೋಡಿದ್ದೇನೆ. ಅವು ಕೊನೆಗೆ 'ನಿರುಪಯುಕ್ತ ವಸ್ತುಗಳ ಹರಾಜು' ಎಂಬ ಚಿಕ್ಕ ಪ್ರಕಟಣೆಯಲ್ಲಿ ಒಟ್ಟು ಲಾಟಾಗಿ ಹೋಗುತ್ತವೆ. ಆ ಪಟ್ಟಿಯಲ್ಲಿ 'ಮರದ ಕುರ್ಚಿ, ಮುರಿದದ್ದು' ಅಂತ ಮಾತ್ರ ಇರುತ್ತದೆ. ಯಾವ ಮರ, ಏನು ಮುರಿದಿದೆ, ಸರಿಮಾಡಲು ಎಷ್ಟು ದಿನ ಬೇಕು ಎಂದು ಬರೆಯುವ ಕಾಲಮ್ಮೇ ಇಲ್ಲ. ಜಿಲ್ಲಾಡಳಿತ, ಜಿಲ್ಲಾ ಪಂಚಾಯಿತಿ ದೊಡ್ಡ ಯೋಜನೆಯನ್ನೇನೂ ಮಾಡಬೇಕಾಗಿಲ್ಲ. ಮುಂದಿನ ಹರಾಜಿನ ಪಟ್ಟಿ ತಯಾರಾಗುವ ಮುಂಚೆ, ಅದೇ ವಿಶ್ವಕರ್ಮ ಯೋಜನೆಯಲ್ಲಿ ಹೆಸರು ಬರೆಸಿದ ತಾಲ್ಲೂಕಿನ ಬಡಗಿಯೊಬ್ಬರನ್ನು ಒಂದು ದಿನದ ಕೂಲಿಗೆ ಕರೆಸಲಿ. ಕೈಯಲ್ಲಿ ಸೀಮೆಸುಣ್ಣ ಹಿಡಿದು ಅವರು ಆ ಕೋಣೆಯೊಳಗೆ ಹೋಗಿ, ಉಳಿಯುವಂಥದರ ಮೇಲೆ ಗುರುತು ಹಾಕಲಿ. ಗುರುತು ಬಿದ್ದದ್ದು ಹರಾಜಿಗೆ ಹೋಗದೆ ಅವರ ಕೊಟ್ಟಿಗೆಗೆ ಹೋಗಲಿ, ರಿಪೇರಿಯಾಗಿ ಬೆಂಚು ಸಾಲದ ಶಾಲೆಗೆ ಬರಲಿ. ಬಿಲ್ಲನ್ನು ಮಾತ್ರ ಆರು ತಿಂಗಳು ತಡಮಾಡದೆ ಪಾಸು ಮಾಡಲಿ.